ಗಾಳಿಯಾಡದ ಕಪಾಟು

ತೀರಿಹೋದ ನಮ್ಮ ಯಜಮಾನರು ಬಡಗಿ. ಅಡುಗೆಮನೆಯ ಕಪಾಟುಗಳನ್ನು ಮೊಳೆ ಹೊಡೆಯದೆ, ಹಲಗೆಗೆ ಹಲಗೆ ಹಲ್ಲು ಕಚ್ಚಿಸಿ ಮಾಡುತ್ತಿದ್ದರು. ಕೂದಲೆಳೆಯಷ್ಟು ಸಂದಿ ಕಂಡರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಸಲ ಕನ್ನಡಕದ ಅಂಗಡಿಯವರ ಮನೆಗೆ ಇಡೀ ಅಡುಗೆಮನೆ ಮಾಡಿಕೊಟ್ಟರು. ಒಲೆಯ ಪಕ್ಕದ ಕಪಾಟಿಗೆ ಒಂದರ ಕೆಳಗೊಂದು ಐದು ಡ್ರಾಯರುಗಳು. ಮರುದಿನವೇ ಆ ಮನೆಯಾಕೆ ಓಡೋಡಿ ಬಂದರು.

“ಮೇಸ್ತ್ರಿಗಳೇ, ನಿಮ್ಮ ಕಪಾಟಿಗೆ ದೆವ್ವ ಹಿಡ್ಕೊಂಡಿದೆ! ಚಮಚದ್ದು ಮುಚ್ಚಿದ್ರೆ ಚಾಕುದ್ದು ತೆರ್ಕೊಳ್ಳತ್ತೆ. ಅದನ್ನ ತಳ್ಳಿದ್ರೆ ಕೆಳಗಿಂದು ಬಂದು ಮೊಣಕಾಲಿಗೆ ಗುದ್ದತ್ತೆ!”

ಇವರ ಮುಖ ಅರಳಿತು. “ದೆವ್ವ ಅಲ್ಲಮ್ಮ, ಗಾಳಿ! ಒಳಗಿನ ಗಾಳಿಗೆ ಎಲ್ಲೂ ಸಂದಿ ಇಲ್ಲ. ಒಂದನ್ನ ತಳ್ಳಿದ್ರೆ ಅದು ಇನ್ನೊಂದನ್ನ ಹೊರಗೆ ನೂಕತ್ತೆ. ಅಷ್ಟು ಚೊಕ್ಕವಾಗಿ ಕೂತಿದೆ!”

“ಚೊಕ್ಕ ಸರಿ, ಮುಚ್ಚೋದು ಹೇಗೆ?”

“ಮನೆಯವರೆಲ್ಲ ಸೇರಿ ಒಟ್ಟಿಗೆ ತಳ್ಳಿ.”

ಪಾಪ, ತಳ್ಳಿಯೂ ನೋಡಿದರು. ಒಂದು ಚಮಚ ಬೇಕಾದರೆ ಆಕೆಯ ಗಂಡ, ಮಾವ, ಮಗಳು ಎಲ್ಲರೂ ಬಗ್ಗಿ ನಿಲ್ಲಬೇಕು, ಅತ್ತೆ “ಹ್ಞೂಂ, ಈಗ!” ಎನ್ನಬೇಕು. ಕೊನೆಗೆ ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟರು: “ಒಂದು ತೂತು ಕೊರೀರಿ. ಇಲ್ಲಾಂದ್ರೆ ನಾಳೆ ಇಡೀ ಅಡುಗೆಮನೆ ಕಿತ್ತು ಹಾಕಿಸ್ತೀನಿ.”

ಒಂದು ಚಳಿಗಾಲವಿಡೀ ಮೈಮುರಿದು ಮಾಡಿದ ಕೆಲಸ. ಒಂದು ತೂತು ತಾನೇ, ಕೊರೆದುಬಿಡಿ ಎಂದು ನಾನೂ ಹೇಳಿದೆ. ಆದರೂ ಇವರು ಬೈರಿಗೆ ಮುಟ್ಟಲಿಲ್ಲ.

“ನನ್ನ ಮಗುವಿನ ಮೈಗೆ ತೂತು ಕೊರಿ ಅಂತೀಯೇನೇ?”

“ಮಗು ಆದ್ರೆ ಉಸಿರಾಡೋಕೆ ಮೂಗಿನ ಹೊಳ್ಳೆ ಬೇಡ್ವೇನ್ರೀ?” ಎಂದು ನಾನೇ ಬೈರಿಗೆ ಎತ್ತಿಕೊಂಡು ಹೊರಟೆ. ಇವರೂ ಹಿಂದೆಯೇ ಬಂದರು. ನಾನು ಕಪಾಟಿನ ಪಕ್ಕದ ಹಲಗೆ ಕೊರೆಯುವಷ್ಟು ಹೊತ್ತೂ ಹಿತ್ತಿಲಲ್ಲಿ ಕಿವಿ ಮುಚ್ಚಿಕೊಂಡು ಕುಳಿತಿದ್ದರು. ಆಮೇಲೆ ತಳ್ಳಿದರೆ ಡ್ರಾಯರುಗಳು ಒಂದೊಂದಾಗಿ ತೆಪ್ಪಗೆ ಮುಚ್ಚಿಕೊಂಡವು. ಮನೆಯಾಕೆಯ ಅತ್ತೆ ಚಪ್ಪಾಳೆ ತಟ್ಟಿದರು.

ಆಗ ಇವರು ಮೆಲ್ಲಗೆ ಒಳಗೆ ಬಂದು ನೋಡಿದರು. “ಥೂ, ಇಲಿ ಕಡಿದ ಹಾಗಿದೆ” ಎಂದು ತೂತಿನ ಅಂಚು ಉಜ್ಜಿ ನಯ ಮಾಡಿದರು. ಅಷ್ಟಕ್ಕೇ ಬಿಟ್ಟಿದ್ದರೆ! ಅಲ್ಲೇ ಕುಳಿತು, ಅದೇ ಮರದ ಚೂರಿನಿಂದ ಪುಟ್ಟ ಬಿರಡೆಯೊಂದನ್ನು ಕೆತ್ತಿ ತೂತಿಗೆ ಒತ್ತಿದರು. ತೂತು ಎಲ್ಲಿತ್ತೆಂದು ನನಗೇ ಗುರುತು ಸಿಗಲಿಲ್ಲ.

“ಈಗ ನೋಡಿ!” ಎಂದು ಮೇಲಿನ ಡ್ರಾಯರು ಎಳೆದು ತಳ್ಳಿದರು. ಉಳಿದ ನಾಲ್ಕೂ ಮೆರವಣಿಗೆ ಹೊರಟಂತೆ ಮುಂದೆ ಬಂದವು.

ಮನೆಯಾಕೆ ಡ್ರಾಯರು ಎಳೆದಿಟ್ಟು, ಸೌಟಿನ ಹಿಡಿಯಿಂದ ಒಳಗಿನಿಂದಲೇ ಗುದ್ದಿ ಬಿರಡೆ ಬೀಳಿಸಿದರು. ಅದನ್ನು ಇವರ ಅಂಗೈಯಲ್ಲಿಟ್ಟರು.

“ಮೇಸ್ತ್ರಿಗಳೇ, ಅಡುಗೆಮನೆ ಇರ್ಲಿ, ತೂತೂ ಇರ್ಲಿ. ಇದೊಂದನ್ನ ಮಾತ್ರ ನಿಮ್ಮನೆಗೆ ತಗೊಂಡ್ಹೋಗಿ.”

ದಾರಿಯುದ್ದಕ್ಕೂ ಇವರು ಬಿರಡೆಯನ್ನು ಬೆರಳಲ್ಲಿ ತಿರುಗಿಸುತ್ತಾ, “ಎಷ್ಟು ಬಿಗಿಯಾಗಿ ಕೂತಿತ್ತಲ್ವೇನೇ?” ಎನ್ನುತ್ತಲೇ ಇದ್ದರು.