ಮರ್ಜುಲ್‌ಮೌತ್

ಆಸ್ತಿಪತ್ರ ಬರೆಯುವ ರಾಯರ ಎಡಗಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ; ಆ ಕಣ್ಣು ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ. ಯಾರ ಮುಖವನ್ನೂ ಅವರು ನೋಡುತ್ತಿರಲಿಲ್ಲ, ಉಗುರು ನೋಡುತ್ತಿದ್ದರು. ಲಕ್ಷ್ಮೇಶ್ವರದ ಯಾವ ಓಣಿಗೆ ಕಾಲಿಟ್ಟರೂ ಹಾಸಿಗೆ ಹಿಡಿದವರು ಎದ್ದು ಕೂಡುತ್ತಿದ್ದರು.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿದ್ದ ಕಾಲ. ನನ್ನನ್ನು ಸಾಕಿದವಳು ಕೌದಿ ಹೊಲಿಯುತ್ತಿದ್ದಳು. ನಮ್ಮ ಮುಸಲ್ಮಾನರ ಕಾಯ್ದೆಯಲ್ಲಿ ದತ್ತಕ ಇಲ್ಲ. ಅವಳು ಸತ್ತರೆ ಮನೆ ಅವಳ ಅಣ್ಣನ ಮಕ್ಕಳಿಗೆ, ನಾನು ಬೀದಿಗೆ. ಕೆಮ್ಮಿನಲ್ಲಿ ರಕ್ತ ಬೀಳತೊಡಗಿದಾಗ, ಮನೆಯನ್ನು ನನಗೆ ದಾನ ಬರೆದುಕೊಡಲು ರಾಯರನ್ನು ಕರೆಸಿದಳು.

ರಾಯರು ಬರೆದರು. ಮಸಿ ಆರುವ ಮೊದಲೇ ಹೇಳಿದರು: “ಇದಕ್ಕೊಂದು ಮಾತು ಅಡ್ಡ ಬರತೈತಿ. ಮರ್ಜುಲ್‌ಮೌತ್. ಅರಬಿ ಮಾತು. ಮರ್ಜ್ ಅಂದ್ರ ಜಡ್ಡು, ಮೌತ್ ಅಂದ್ರ ಸಾವು. ಖಾಜಿಗಳ ಕೂಡ ಬಂದದ್ದು ಕೋರ್ಟಿನ್ಯಾಗ ಉಳಕೊಂಡೈತಿ. ಸಾಯ್ತೀನಿ ಅನ್ನೋ ಅಂಜಿಕಿಲೆ ಕೊಟ್ಟ ದಾನ ಪೂರಾ ನಿಲ್ಲೂದಿಲ್ಲ, ಮೂರರಾಗ ಒಂದು ಪಾಲು ಅಷ್ಟ.”

“ಡಾಕ್ಟರಿಗೆ ಗೊತ್ತಾಗತೈತೇನ್ರಿ ಅದು?” ಎಂದೆ.

“ಯಾರಿಗೂ ಗೊತ್ತಾಗೂದಿಲ್ಲವಾ. ಬದುಕಿದಾಗ ಜಡ್ಡಿಗೆ ಆ ಹೆಸರು ಇರೂದಿಲ್ಲ. ಸತ್ತ ಮ್ಯಾಲ ಹಿಂದಕ್ಕ ಬಂದು ಕುಂಡ್ರತೈತಿ.”

ಸಾಕಿದವಳು ಕೌದಿಯಿಂದ ತಲೆ ಎತ್ತಲಿಲ್ಲ. “ಎಷ್ಟು ದಿನಾ ಸಾಯಬಾರದು, ಅದನ್ನ ಹೇಳ್ರಿ.”

“ಒಂದು ವರ್ಷ. ವರ್ಷ ದಾಟಿದ ಜಡ್ಡನ್ನ ಕಾಯ್ದೆ ಸಾವಿನ ಜಡ್ಡು ಅನ್ನೂದಿಲ್ಲ. ಅಲ್ಲೀತನಕ ಕೆಲಸಾನೂ ಬಿಡಬಾರದು, ಬಿಟ್ರ ಸಾವಿನ ಜಡ್ಡು ಅಂತಾರ.”

“ಆತು. ನೂಲು ಸಾಲೂದಿಲ್ಲ, ಬರೂವಾಗ ತಗೊಂಡ್ ಬರ್ರಿ.”

ತಂದರು. ತಿಂಗಳಿಗೊಮ್ಮೆ ಬಂದು ಕೂಡುತ್ತಿದ್ದರು. ಅವಳು ಒಂದು ಸಾಲು ಹೊಲಿದು ತೋರಿಸಬೇಕು. ಉಗುರು ನೋಡಿ, ‘ಇಂದು ಹೊಲಿದಳು’ ಎಂದು ಬರೆದುಕೊಂಡು ಎದ್ದು ಹೋಗುವರು. ಹತ್ತನೆಯ ತಿಂಗಳಿಗೆ ಅವಳ ಕಣ್ಣು ಹೋಯಿತು, ಹೊಲಿಗೆ ಕೆಡಲಿಲ್ಲ. ಹನ್ನೊಂದಕ್ಕೆ ಉಸಿರು ಕೇಳಿಸುತ್ತಿರಲಿಲ್ಲ, ಮೈ ಮುಟ್ಟಿದರೆ ಕಲ್ಲು. ಸೂಜಿ ಮಾತ್ರ ಏಳುತ್ತಿತ್ತು, ಇಳಿಯುತ್ತಿತ್ತು. ವರ್ಷ ತುಂಬಿದ ಮರುದಿನ ಮಧ್ಯಾಹ್ನ ನಿಂತಿತು.

ಹೆಣ ತೊಳೆಯಲು ಬಂದ ಮುದುಕಿ ನನ್ನನ್ನು ಬದಿಗೆ ಕರೆದಳು. “ಈಕಿ ಇವತ್ತ ಸತ್ತಾಕಿ ಅಲ್ಲ. ಭಾಳ ದಿನಾ ಆಗೇತಿ.”

“ಹೊರಗ ಅನಬ್ಯಾಡ” ಎಂದೆ.

ಅಣ್ಣನ ಮಕ್ಕಳು ದಾವೆ ಹಾಕಿದರು. ಕೋರ್ಟಿನಲ್ಲಿ ರಾಯರನ್ನು ಅವರ ವಕೀಲ ಕೇಳಿದ: “ಆಕಿಗೆ ಸಾವಿನ ಅಂಜಿಕಿ ಇತ್ತಲ್ಲ?”

“ಆಕಿಗಿರಲಿಲ್ರಿ. ತಿಂಗಳಾ ತಿಂಗಳಾ ಆ ಹೊಸ್ತಿಲಾ ದಾಟೂವಾಗ ನನಗಿತ್ತು.”

ಮನೆ ನನಗುಳಿಯಿತು. ಈಗಲೂ ಅದರಲ್ಲೇ ಇದ್ದೇನೆ.

ಕನ್ನಡ ನಾಡು ಒಂದಾದ ವರ್ಷ ರಾಯರು ಹಾಸಿಗೆ ಹಿಡಿದರು. ನೋಡಲು ಹೋದೆ. “ಅಂಜಿಕಿ ಬಂದೈತಿ. ತಾರೀಖು ಹಾಕಿ ಬರಕೋ” ಎಂದರು. ಅವರ ಜಾತಿಗೆ ಆ ಕಾಯ್ದೆ ಹತ್ತುವುದಿಲ್ಲ. ನನಗೆ ಆಗ ಬರೆಯಲು ಬರುತ್ತಿದ್ದುದೂ ನನ್ನ ಹೆಸರಷ್ಟೇ. ಅದನ್ನೇ ಬರೆದು ಕೈಗೆ ಕೊಟ್ಟೆ.

ಬಹಳ ಹೊತ್ತು ಓದಿದರು. “ಬರೋಬರಿ ಐತಿ” ಎಂದು ಮಡಚಿ ದಿಂಬಿನ ಕೆಳಗಿಟ್ಟುಕೊಂಡರು.

ಆಮೇಲೆ ಎರಡು ದಿನ ಇದ್ದರು.