ಜಯಮ್ಮ ಮಿಸ್ ಕಲಿಸಿದ ಗಿರಕಿ

ಜಯಮ್ಮ ಮಿಸ್ ತಾಳ ಹಾಕುವ ಕೋಲನ್ನು ಕೆಳಗಿಟ್ಟದ್ದನ್ನು ನಾನು ಕಂಡೇ ಇಲ್ಲ. ತರಕಾರಿಯವನ ಜೊತೆ ಚೌಕಾಸಿ ಮಾಡುವಾಗಲೂ ಅದು ಕೈಯಲ್ಲೇ. ಬದನೆಕಾಯಿಯ ಹುಳುಕು ತೋರಿಸುವುದಕ್ಕೂ ಅದೇ. ಲಕ್ಷ್ಮೀಪುರಂನ ಅರ್ಧ ಹೆಣ್ಣುಮಕ್ಕಳು ಆ ಕೋಲಿಗೆ ಹೆದರಿಯೇ ಭರತನಾಟ್ಯ ಕಲಿತರು. ನಾನೂ ಹೆದರಿದೆ, ಕಲಿಯಲಿಲ್ಲ ಅಷ್ಟೆ. "ನಿನ್ನ ಕಾಲಿಗೆ ತಾಳಾನೇ ಕೇಳ್ಸಲ್ವಲ್ಲೇ!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ನನ್ನ ಜೀವವೆಲ್ಲ ಅಣ್ಣನ ಹಳೆಯ ಬಿಎಂಎಕ್ಸ್ ಸೈಕಲ್ ಮೇಲಿತ್ತು. ತೊಂಬತ್ತರ ದಶಕದ ಕೊನೆ ಅದು. ಮಿಸ್ ಮನೆ ಪಕ್ಕದ ಗಲ್ಲಿಯಲ್ಲಿ ಇಟ್ಟಿಗೆ ಪೇರಿಸಿ, ಹಲಗೆ ಒರಗಿಸಿ ಹಾರುತ್ತಿದ್ದೆ. ಸೈಕಲ್ ಸಮೇತ ಗಾಳಿಯಲ್ಲೇ ಬುಗುರಿಯಂತೆ ಒಂದು ಪೂರ್ತಿ ಸುತ್ತು ತಿರುಗಿ ಇಳಿಯಬೇಕೆಂಬ ಹುಚ್ಚು. ಪ್ರತಿ ಸಲವೂ ಅರ್ಧ ತಿರುಗಿ ದೊಪ್ಪನೆ ಬೀಳುತ್ತಿದ್ದೆ. ಮುಂದಿನ ಹಲ್ಲು ಚೂರಾದ ದಿನ ಅಪ್ಪ, "ಇನ್ನೊಂದ್ಸಲ ಬಿದ್ದು ಬಂದ್ರೆ ಸೈಕಲ್ ಗುಜರಿಗೆ" ಎಂದರು. ಅಪ್ಪ ಹೇಳಿದ್ದನ್ನು ಮಾಡುವವರು.

ಮರುದಿನ ಹಲಗೆಯ ಮುಂದೆ ಅಳುತ್ತಾ ನಿಂತಿದ್ದಾಗ ಮಿಸ್ ಬಂದರು. ಬೈಗುಳ ಗ್ಯಾರಂಟಿ ಎಂದುಕೊಂಡೆ.

"ದಿನಾ ಕಿಟಕೀಲಿ ನೋಡ್ತಿದ್ದೀನಿ ಕಣೇ. ಹ್ಯಾಂಡಲ್ ತಿರುಗಿಸ್ತೀಯ, ಮುಖ ಮಾತ್ರ ಮುಂದಕ್ಕೇ ನೆಟ್ಟಿರ್ತೀಯ. ಡ್ಯಾನ್ಸಲ್ಲಿ ಗಿರಕಿ ಹೊಡೆಯೋವಾಗ್ಲೂ ನಿಂದು ಇದೇ ತಪ್ಪು. ಮೊದ್ಲು ಕಣ್ಣು, ಆಮೇಲೆ ಭುಜ. ಮೈ ತಾನಾಗೇ ಬರುತ್ತೆ."

ಒಂದು ವಾರ ಸೈಕಲ್ ಮುಟ್ಟಲು ಬಿಡಲಿಲ್ಲ. ಅವರ ಕೆಂಪು ನೆಲದ ಮೇಲೆ ಬರಿಗಾಲಲ್ಲಿ ಎಗರಿ ಎಗರಿ ತಿರುಗಿದೆ. ಭುಜದ ಮೇಲಿಂದ ಹಿಂದಿನ ಗೋಡೆಯ ಕ್ಯಾಲೆಂಡರ್ ಮೊದಲು ಕಾಣಬೇಕು, ಕಾಣದಿದ್ದರೆ ಮತ್ತೊಮ್ಮೆ. ಅಪ್ಪನಿಗೂ ಅವರೇ ಹೇಳಿದರು: "ಹುಡುಗಿ ಜವಾಬ್ದಾರಿ ನಂದು ಕಣ್ರೀ. ಸೈಕಲ್ ತಂಟೆಗೆ ಹೋಗ್ಬೇಡಿ." ಅಪ್ಪ ಒಪ್ಪಿಕೊಂಡರು. ಅವರಿಗೂ ಆ ಕೋಲಿನ ಭಯವಿತ್ತೇನೋ.

ಭಾನುವಾರ ಬೆಳಿಗ್ಗೆ ಮಿಸ್ ಗೇಟಿನ ಬಳಿ ನಿಂತು "ಹೂಂ" ಎಂದರು. ಜೋರಾಗಿ ಪೆಡಲ್ ತುಳಿದೆ. ಹಲಗೆ ಬಿಟ್ಟೊಡನೆ ಕತ್ತು ತಿರುಗಿಸಿದೆ. ಕಾಂಪೌಂಡು, ನುಗ್ಗೆಮರ, ನಾನು ಬಂದ ದಾರಿ, ಮತ್ತೆ ಮುಂದಿನ ಗಲ್ಲಿ! ಎರಡೂ ಚಕ್ರ ನೆಲಕ್ಕೆ ಬಡಿದವು. ಸೈಕಲ್ ಒಮ್ಮೆ ಓಲಾಡಿ ನೆಟ್ಟಗೆ ಓಡಿತು. ಬೀಳಲಿಲ್ಲ. ಸೈಕಲ್ ಉಳಿಯಿತು. ಬ್ರೇಕ್ ಹಿಡಿದು ನಿಂತಾಗ ನಗುವೂ ಅಳುವೂ ಒಟ್ಟಿಗೇ ಬಂತು.

"ಪರ್ವಾಗಿಲ್ಲ," ಎಂದರು ಮಿಸ್. "ಎಡಗೈ ಸ್ವಲ್ಪ ಬಿಗಿಯಾಯ್ತು."

ಅವರು ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ, ಹಿನಕಲ್‌ನ ಮಗಳ ಮನೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ಹೇಳಿದರು: "ಆವತ್ತು ನೀನು ಹಾರಿದ್ದು ನಾನು ನೋಡ್ಲೇ ಇಲ್ಲ ಕಣೇ. ನಿಮ್ಮಪ್ಪಂಗೆ ಮಾತು ಕೊಟ್ಬುಟ್ಟಿದ್ನಲ್ಲ, ಜೀವ ಬಾಯಿಗೆ ಬಂದಿತ್ತು. ಗಟ್ಟಿಯಾಗಿ ಕಣ್ಣು ಮುಚ್ಕೊಂಡ್ಬುಟ್ಟೆ."

"ಮತ್ತೆ ಎಡಗೈ ಬಿಗಿ ಅಂದ್ರಲ್ಲ ಮಿಸ್?"

"ಅದಕ್ಕೆ ನೋಡ್ಬೇಕಾ? ನಿಂದು ಯಾವಾಗ್ಲೂ ಬಿಗೀನೇ."