ಮಾವನ ಹೋಟೆಲಿನ ಹೊಸ ವಿಳಾಸ

ಪ್ಯಾರೀಸ್ ಕಾರ್ನರ್‌ನ ಹಳೇ ಕಟ್ಟಡ ಕೆಡವುತ್ತಾರೆಂದು ನಮ್ಮ ಹೋಟೆಲನ್ನು ಟಿ. ನಗರದ ಓಣಿಯೊಂದಕ್ಕೆ ತಂದೆವು. ಆಮೇಲೂ ನನ್ನ ಮಾವ ಬೆಳಿಗ್ಗೆ ಎದ್ದು ಬಸ್ ಹತ್ತಿ ಹಳೇ ಜಾಗಕ್ಕೇ ಹೋಗುತ್ತಿದ್ದರು. ಮುಚ್ಚಿದ ಶಟರಿನ ಮುಂದೆ ನಿಂತು, ಇಡ್ಲಿಗೆಂದು ಬಂದವರಿಗೆ ಹೊಸ ಜಾಗ ಹೇಳಿ ಕಳಿಸುತ್ತಿದ್ದರು. ಮಾವ ಕುಂದಾಪುರದ ಕಡೆಯಿಂದ ಬಂದು ಅಲ್ಲೇ ತಲೆ ನರೆಸಿಕೊಂಡವರು.

"ಬಿಸಿಲಲ್ಲಿ ಯಾಕೆ ಮಾವ? ಬೇಕಾದವರು ಫೋನಲ್ಲಿ ಹುಡುಕ್ತಾರೆ" ಎಂದೆ.

"ಹುಡುಕಿದ್ರೆ ಎಂತ ಸಿಕ್ತದೆ?"

ಹುಡುಕಿ ನೋಡಿದೆ. 'ಶಾಶ್ವತವಾಗಿ ಮುಚ್ಚಿದೆ' ಎಂದು ಬಂತು. ಅವರಿಗೆ ತೋರಿಸಲು ಮನಸ್ಸಾಗಲಿಲ್ಲ.

ಅವತ್ತೇ ವೆಬ್‌ಸೈಟ್ ಮಾಡಲು ಕೂತೆ. ಗಲ್ಲಾ ನೋಡಿಕೊಂಡು ಗೊತ್ತೇ ಹೊರತು ಈ ಕೆಲಸ ನನಗೆ ಹೊಸದು. ಹೋಟೆಲಿನ ಹೆಸರಿನಲ್ಲೇ ಒಂದು ವೆಬ್ ವಿಳಾಸ ಕೊಂಡೆ. ಪುಟಗಳನ್ನು ಇಡುವ ಜಾಗ, ಅಂದರೆ ಹೋಸ್ಟಿಂಗು, ಇನ್ನೊಂದು ಕಂಪನಿಯಲ್ಲಿ ತಗೊಂಡೆ. ಕೆಲವೇ ನಿಮಿಷದ ಕೆಲಸ ಎಂದಿದ್ದರು. ಮಧ್ಯಾಹ್ನವಾದರೂ ಏನೂ ತೆರೆಯಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ತಮಿಳಿನಲ್ಲಿ ಸಮಾಧಾನವಾಗಿ ಬಿಡಿಸಿ ಹೇಳಿದಳು.

"ಮೇಡಂ, ಹೆಸರು ಒಂದು ಕಡೆ ಇದೆ, ಜಾಗ ಇನ್ನೊಂದು ಕಡೆ. ಆ ಹೆಸರು ಕೇಳಿಕೊಂಡು ಬಂದವರನ್ನ ಈ ಜಾಗಕ್ಕೆ ಕಳಿಸಿ ಅಂತ ನೀವು ಎಲ್ಲೂ ಹೇಳಿಲ್ಲ."

ಹೆಸರು ಕೊಂಡ ಕಡೆ 'ನೇಮ್‌ಸರ್ವರ್' ಎಂಬ ಜಾಗ ಹುಡುಕಿ, ಅವಳು ಓದಿದ್ದನ್ನು ಅಕ್ಷರ ಬಿಡದೆ ತುಂಬಿದೆ. ಎಲ್ಲ ಕಡೆ ಸುದ್ದಿ ಮುಟ್ಟಲು ಒಂದು ದಿನವಾದರೂ ಬೇಕು, ಕಾಯಿರಿ ಎಂದಳು.

ಕಾಯುತ್ತಾ ಮೊದಲ ಪುಟಕ್ಕೆ ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. ಪರಂಪರೆ, ರುಚಿ, ಶುಚಿ ಎಲ್ಲ ಇತ್ತು.

"ಇದು ಯಾರ ಹೋಟೆಲು?" ಎಂದರು. "ಮುಚ್ಚಲಿಲ್ಲ, ಇಲ್ಲಿಗೆ ಬಂದಿದ್ದೇವೆ ಅಂತ ಬರಿ ಮಗಾ, ಸಾಕು. ಮೊದಲು ತಮಿಳಲ್ಲಿ ಬರಿ, ತಿಂದವರು ಅವರಲ್ವಾ. ಕೆಳಗೆ ಕನ್ನಡದಲ್ಲೂ ಇರ್ಲಿ."

ಮರುದಿನ ಪುಟ ತೆರೆಯಿತು. ಮಾವ ಬೆರಳಿಟ್ಟರು, ಪರದೆ ಜಾರಿತು. "ಅಯ್ಯೋ, ಹೋಯ್ತಾ?" ಎಂದು ಕೈ ಹಿಂದೆಳೆದುಕೊಂಡರು. ಆದರೂ ಮಾರನೇ ಬೆಳಿಗ್ಗೆ ಬಸ್ಸಿಗೆ ಹೊರಟೇಬಿಟ್ಟರು. ಫೋನಿಲ್ಲದವರೂ ಬರುತ್ತಾರಂತೆ. ನಾನು ತಡೆಯಲಿಲ್ಲ. ಅಲ್ಲಿ ಅವರಿಗೆ ಬೇಕಾದದ್ದು ಗಿರಾಕಿಗಳಷ್ಟೇ ಅಲ್ಲ ಎಂದು ಆಗ ಅನ್ನಿಸಿತು. ಕಟ್ಟಡದ ಸುತ್ತ ತಗಡು ಬಡಿದ ಮೇಲೆ ಹೋಗುವುದನ್ನು ತಾವಾಗಿಯೇ ನಿಲ್ಲಿಸಿದರು.

ಆಮೇಲೊಂದು ದಿನ ಸೈಟಿನ ಮೂಲಕ ಒಬ್ಬ ಹೆಂಗಸು ತಮಿಳಿನಲ್ಲಿ ಬರೆದಿದ್ದಳು. ಅವಳ ಅಪ್ಪ ಸೌಕಾರ್‌ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದರು, ದಿನಾ ನಮ್ಮಲ್ಲೇ ತಿಂಡಿ. ಅಪ್ಪ ಈಗಿಲ್ಲ. ಅವರು ತಿನ್ನುತ್ತಿದ್ದ ಇಡ್ಲಿ ಸಾಂಬಾರು ಒಮ್ಮೆ ತಿನ್ನಬೇಕೆಂದು ಹೋದರೆ ತಗಡು ಕಂಡಿತಂತೆ.

ಮಾವ ತುಂಬ ಹೊತ್ತು ಯೋಚಿಸಿದರು. ಯಾರೆಂದು ಹೊಳೆಯಲಿಲ್ಲ, ಅದೇ ಅವರಿಗೆ ಕೊರಗು. "ಮುಖ ನೋಡಿದ್ರೆ ಗೊತ್ತಾಗ್ತದೆ. ಬರ್ಲಿಕ್ಕೆ ಹೇಳು."

ಭಾನುವಾರ ಅವಳು ಬಂದಳು. ಫೋನಿನಲ್ಲಿದ್ದ ಅಪ್ಪನ ಚಿತ್ರ ನೋಡಿದ್ದೇ ಮಾವನ ಮುಖ ಅರಳಿತು. "ಇವರಾ! ಸಾಂಬಾರಲ್ಲಿ ಇಡ್ಲಿ ಮುಳುಗ್ಬೇಕು ಇವರಿಗೆ!" ಎಂದು ತಮಿಳಿನಲ್ಲಿ ಕೂಗಿದರು. ತಾವೇ ತಟ್ಟೆ ತಂದಿಟ್ಟರು. ಗಿರಾಕಿಯ ಎದುರು ಎಂದೂ ಕೂರದವರು, ಕುರ್ಚಿ ಎಳೆದು ಅವಳೆದುರು ಕೂತರು.